ಒತ್ತಿ ಹಿಡಿದರೆ ಬರುವ ಮೆನು: ರಿಯಾಕ್ಟ್ ನೇಟಿವ್‌ನಲ್ಲಿ ಮಾಡಿದವರು ತಿಳಿಸಿ

ಬ್ಯಾಡಗಿಯಿಂದ ಪ್ರಶ್ನೆ:
ಮೆಣಸಿನಕಾಯಿ ದಲಾಲರಿಗಾಗಿ ರಿಯಾಕ್ಟ್ ನೇಟಿವ್‌ನಲ್ಲಿ (ಒಂದೇ ಜಾವಾಸ್ಕ್ರಿಪ್ಟ್ ಕೋಡಿನಿಂದ ಐಫೋನ್, ಆಂಡ್ರಾಯ್ಡ್ ಎರಡಕ್ಕೂ ಆ್ಯಪ್ ಮಾಡುವ ಸಾಧನ) ಆ್ಯಪ್ ಕಟ್ಟುತ್ತಿದ್ದೇನೆ. ಮೆಣಸಿನಕಾಯಿಯ ಬಗೆ ಕಡ್ಡಿಯೋ ಡಬ್ಬಿಯೋ, ಚೀಲ ಎಷ್ಟು, ದರ ಎಷ್ಟು ಎಂದು ಲಾಟ್‌ಗಳ ಪಟ್ಟಿ ಇದೆ. ಒಂದು ಸಾಲನ್ನು ಒತ್ತಿ ಹಿಡಿದರೆ ‘ಚೀಟಿ ಕಳುಹಿಸಿ’, ‘ತಿದ್ದಿ’, ‘ಅಳಿಸಿ’ ಎಂಬ ಮೆನು ಬರಬೇಕು. ಸದ್ಯ ನಾನೇ ಬರೆದ ಪೆಟ್ಟಿಗೆ ಬರುತ್ತದೆ. ಐಫೋನ್ ಇರುವ ಸಾಹುಕಾರರೊಬ್ಬರಿಗೆ ಅದು ಒಗ್ಗಲಿಲ್ಲ. ಆಯಾ ಫೋನಿನ ಸ್ವಂತ ಮೆನುವನ್ನೇ ತರುವುದು ಹೇಗೆ? ಇಂಥದ್ದೇ ಇನ್ನೊಂದು ಸಾಧನವಾದ ಫ್ಲಟರ್‌ಗೆ ಹೋಗಲೇಬೇಕೇ?

ಹುಬ್ಬಳ್ಳಿಯಿಂದ:
ಹೋಗಬೇಡಿ ತಮ್ಮಾ. ಸಾಹುಕಾರರು ಹೇಳಿದ್ದು ಸರಿಯಾಗಿದೆ. 2019ರ ಐಒಎಸ್ 13ರಿಂದ ಐಫೋನಿನಲ್ಲಿ ಒತ್ತಿ ಹಿಡಿದ ವಸ್ತು ಮೇಲೆದ್ದು, ಹಿನ್ನೆಲೆ ಮಸುಕಾಗಿ, ಪಕ್ಕದಲ್ಲಿ ಮೆನು ತೆರೆಯುತ್ತದೆ. ಕೈ ಅದಕ್ಕೆ ಪಳಗಿದೆ. ಅದನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಅನುಕರಿಸಲು ಕೂತರೆ ಬೇರೆ ಕೆಲಸವೇ ಆಗುವುದಿಲ್ಲ. ಝೀಗೋ ಎಂಬ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ನೋಡಿ: ಮೆನುವನ್ನು ಒಮ್ಮೆ ಬರೆದರೆ ಐಫೋನಿನಲ್ಲಿ ಆ್ಯಪಲ್‌ನದೇ ಯುಐಕಿಟ್‌ನ ಮೆನು, ಆಂಡ್ರಾಯ್ಡ್‌ನಲ್ಲಿ ಅದರದೇ ಪಾಪ್‌ಅಪ್ ಮೆನು ತೆರೆಯುತ್ತದೆ.

ಎರಡೂ ಕಡೆ ಒಂದೇ ರೂಪ ಬೇಕೆಂಬ ಹಟ ಮಾತ್ರ ಬೇಡ. ಆಂಡ್ರಾಯ್ಡ್‌ನ ಪಾಪ್‌ಅಪ್ ಮೆನು ಐಕಾನ್‌ಗಳನ್ನು ತಾನಾಗಿ ತೋರಿಸುವುದಿಲ್ಲ. ತೋರಿಸು ಎಂದು ಹೇಳುವ ಅಧಿಕೃತ ದಾರಿ ಬಂದದ್ದೇ ಆಂಡ್ರಾಯ್ಡ್ 10ರಲ್ಲಿ. ಆದ್ದರಿಂದ ಐಕಾನ್ ಇಲ್ಲದೆಯೂ ಅರ್ಥವಾಗುವಂತೆ ಪದ ಆರಿಸಿ. ‘ಅಳಿಸಿ’ ಕೊನೆಯಲ್ಲಿರಲಿ, ಅದಕ್ಕೆ ಡಿಸ್ಟ್ರಕ್ಟಿವ್ (ಮಾಹಿತಿ ಅಳಿಸುವ ಕೆಲಸ) ಎಂಬ ಗುರುತು ಕೊಡಿ. ಐಫೋನ್ ತಾನೇ ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ಲಾಟ್ ಅಳಿಸುವುದೆಂದರೆ ಹಣದ ಲೆಕ್ಕ, ಇನ್ನೊಮ್ಮೆ ಕೇಳಿಯೇ ಅಳಿಸಿ.

ಗದಗದಿಂದ:
ಫ್ಲಟರ್ ಮಾತು ಬಂದದ್ದರಿಂದ ಹೇಳುತ್ತೇನೆ, ನನ್ನ ಅನ್ನ ಅದರಲ್ಲೇ. ಅಲ್ಲಿನ ಕ್ಯುಪರ್ಟಿನೊ ಮೆನು ಐಫೋನಿನದರಂತೆ ಕಾಣುತ್ತದೆ, ಆದರೆ ಅದನ್ನು ಚಿತ್ರದಂತೆ ಬಿಡಿಸುವುದು ಫ್ಲಟರೇ, ಫೋನಲ್ಲ. ಅಂದರೆ ನೀವು ಈಗ ಕೈಯಿಂದ ಮಾಡುತ್ತಿರುವುದನ್ನೇ ಅದು ಇನ್ನಷ್ಟು ನಾಜೂಕಾಗಿ ಮಾಡುತ್ತದೆ. ಬರವಣಿಗೆಯ ಜಾಗದಲ್ಲಿ ಬರುವ ಕಾಪಿ–ಪೇಸ್ಟ್ ಮೆನು ಬೇರೆ ಸಂಗತಿ. ಐಒಎಸ್ 16ರಿಂದ ಆ್ಯಪ್ ತಾನಾಗಿ ಕ್ಲಿಪ್‌ಬೋರ್ಡ್ (ಕಾಪಿ ಮಾಡಿದ್ದು ಇರುವ ಜಾಗ) ಓದಲು ಹೋದರೆ ಫೋನು ಅನುಮತಿ ಕೇಳುತ್ತದೆ, ಫೋನಿನದೇ ಮೆನುವಿನಿಂದ ಪೇಸ್ಟ್ ಮಾಡಿದರೆ ಕೇಳುವುದಿಲ್ಲ. ಅದಕ್ಕೇ ಫ್ಲಟರ್ ಅಲ್ಲಿ ಫೋನಿನ ನಿಜವಾದ ಮೆನು ಬಳಸಲು ಅವಕಾಶ ಕೊಟ್ಟಿದೆ.

ಧಾರವಾಡದಿಂದ:
ಮೆನು ಚೆನ್ನಾಗಿರಲಿ, ಆದರೆ ಸಾಲನ್ನು ಒತ್ತಿ ಹಿಡಿಯಬೇಕೆಂದು ಯಾರಿಗೆ ಗೊತ್ತು? ಪರದೆಯ ಮೇಲೆ ಸುಳಿವೇ ಇಲ್ಲ. ನಮ್ಮ ಆ್ಯಪ್‌ನಲ್ಲಿ ಪ್ರತಿ ಸಾಲಿನ ಬಲಕ್ಕೆ ಮೂರು ಚುಕ್ಕೆ ಇಟ್ಟು, ಅದನ್ನು ಮುಟ್ಟಿದರೂ ಅದೇ ಮೆನು ಬರುವಂತೆ ಮಾಡಿದೆವು. ವಯಸ್ಸಾದವರು ಚುಕ್ಕೆಯನ್ನೇ ಮುಟ್ಟುತ್ತಾರೆ. ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್, ವಾಯ್ಸ್‌ಓವರ್ ಬಳಸುವವರಿಗೆ ಒತ್ತಿ ಹಿಡಿಯುವುದು ಇನ್ನೂ ತ್ರಾಸು. ಅವರಿಗಾಗಿ ಅದೇ ಕೆಲಸಗಳನ್ನು ಆಕ್ಸೆಸಿಬಿಲಿಟಿ ಆ್ಯಕ್ಷನ್‌ಗಳಾಗಿಯೂ (ಆ ಓದುಗ ಸೌಲಭ್ಯದಿಂದಲೇ ನಡೆಸಬಹುದಾದ ಆಜ್ಞೆಗಳು) ಕೊಡಿ. ಅಕ್ಷರದ ಗಾತ್ರ ಹಿಗ್ಗಿಸಿಯೂ ನೋಡಿ. ಕನ್ನಡದ ಉದ್ದ ಪದಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಬ್ಯಾಡಗಿಯಿಂದ:
ಚುಕ್ಕೆ ಇಂದೇ ಸೇರಿಸುತ್ತೇನೆ. ಝೀಗೋ ಹಾಕಿದೆ ಅಣ್ಣಾ, ಪರೀಕ್ಷೆಗೆ ಬಳಸುವ ಎಕ್ಸ್‌ಪೋ ಗೋ ಆ್ಯಪ್‌ನಲ್ಲಿ ತೆರೆದರೆ ನನ್ನ ಆ್ಯಪ್ ಏಳುತ್ತಲೇ ಇಲ್ಲ.

ಹುಬ್ಬಳ್ಳಿಯಿಂದ:
ಏಳುವುದೂ ಇಲ್ಲ. ಝೀಗೋದಲ್ಲಿ ನೇಟಿವ್ ಕೋಡ್ (ಆಯಾ ಫೋನಿಗೆಂದೇ ಬರೆದದ್ದು) ಇದೆ, ಎಕ್ಸ್‌ಪೋ ಗೋ ತನ್ನೊಳಗೆ ಮೊದಲೇ ಇರುವುದನ್ನು ಮಾತ್ರ ನಡೆಸುತ್ತದೆ. ಡೆವಲಪ್‌ಮೆಂಟ್ ಬಿಲ್ಡ್ (ಆ ಕೋಡನ್ನೂ ಸೇರಿಸಿ ಕಟ್ಟಿದ ನಿಮ್ಮದೇ ಪರೀಕ್ಷಾ ಆ್ಯಪ್) ಮಾಡಿ ಫೋನಿಗೆ ಹಾಕಿಕೊಳ್ಳಿ. ಹಾಗೆಯೇ ಸಾಲಿನ ಮೇಲಿರುವ ನಿಮ್ಮ ಹಳೆಯ ಆನ್‌ಲಾಂಗ್‌ಪ್ರೆಸ್ (ಒತ್ತಿ ಹಿಡಿದಾಗ ನಡೆಯುವ ಕೋಡ್) ತೆಗೆದುಬಿಡಿ, ಇಲ್ಲದಿದ್ದರೆ ಎರಡು ಮೆನುಗಳು ಒಟ್ಟಿಗೇ ತೆರೆದಾವು.