ಸಿನಿಮಾಗಳಲ್ಲಿ ಕೇಳಿಬರುವ ಐರಿಷ್ ಪೈಪ್: ತೆರೆಯ ಮೇಲಿನ ವಾದ್ಯವೇ ಬೇರೆ, ದನಿಯೇ ಬೇರೆಯೇ?

ಪ್ರಶ್ನೆ – ರಾಗಾಸಕ್ತ

ಎಲ್ಲರಿಗೂ ನಮಸ್ಕಾರ. ಸ್ಕಾಟ್ಲೆಂಡಿನ ವೀರ ವಿಲಿಯಂ ವ್ಯಾಲೆಸ್‌ನ ಕಥೆಯುಳ್ಳ 1995ರ 'ಬ್ರೇವ್‌ಹಾರ್ಟ್' ಚಿತ್ರವನ್ನು ಮೊನ್ನೆ ಬಹಳ ವರ್ಷಗಳ ನಂತರ ಮತ್ತೆ ನೋಡಿದೆ. ತಂದೆಯನ್ನು ಮಣ್ಣು ಮಾಡಿದ ರಾತ್ರಿ ಬಾಲಕ ವ್ಯಾಲೆಸ್‌ನ ಕಣ್ಣೆದುರು ಊರಿನವರು ಬ್ಯಾಗ್‌ಪೈಪ್ ನುಡಿಸುತ್ತ ನಿಂತಿರುವ ದೃಶ್ಯ ನಿಮಗೆ ನೆನಪಿರಬಹುದು. ತೆರೆಯ ಮೇಲೆ ಕಾಣುವುದು ಬಾಯಿಂದ ಊದುವ ದೊಡ್ಡ ಬ್ಯಾಗ್‌ಪೈಪ್. ಆದರೆ ಕಿವಿಗೆ ಬೀಳುವ ದನಿ ಗಣರಾಜ್ಯೋತ್ಸವದ ಪೆರೇಡಿನಲ್ಲಿ ನಮ್ಮ ಸೈನ್ಯದ ಬ್ಯಾಂಡಿನವರು ನುಡಿಸುವ ಬ್ಯಾಗ್‌ಪೈಪಿನಂತೆ ಮೈದಾನವನ್ನೆಲ್ಲ ತುಂಬುವಂಥದಲ್ಲ. ಯಾರೋ ಪಕ್ಕದಲ್ಲೇ ಕುಳಿತು ಗಂಟಲು ಕಟ್ಟಿ ಹಾಡುತ್ತಿರುವಂತೆ ಅದು ಮೃದುವಾಗಿದೆ. ಇದು ಯಾವ ವಾದ್ಯ? ಸಂಗೀತ ನಿರ್ದೇಶಕರು ಇದನ್ನು ಆಯ್ದುಕೊಳ್ಳಲು ಕಾರಣವೇನು? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ – ನಾದಲೋಲ

ನಿಮ್ಮ ಕಿವಿ ಸರಿಯಾಗಿಯೇ ಗುರುತಿಸಿದೆ. ನೀವು ಕೇಳಿದ್ದು ಸ್ಕಾಟ್ಲೆಂಡಿನ ವಾದ್ಯವನ್ನಲ್ಲ, ಐರ್ಲೆಂಡಿನ ಇಲನ್ ಪೈಪ್ಸ್ ಅನ್ನು. ಐರಿಷ್ ಭಾಷೆಯಲ್ಲಿ 'ಇಲನ್' ಪದಕ್ಕೆ ಮೊಣಕೈ ಎಂಬ ಅರ್ಥವಿದೆ. ಜೇಮ್ಸ್ ಹಾರ್ನರ್ ಅವರ ಆ ಸಂಗೀತದಲ್ಲಿ ಅದನ್ನು ನುಡಿಸಿದವರು ಎರಿಕ್ ರಿಗ್ಲರ್.

ಈ ವಾದ್ಯವನ್ನು ಬಾಯಿಂದ ಊದುವುದಿಲ್ಲ. ವಾದಕರು ಕುಳಿತು, ಸೊಂಟಕ್ಕೆ ಪಟ್ಟಿ ಬಿಗಿದು, ಬಲ ಮೊಣಕೈ ಕೆಳಗಿನ ಪುಟ್ಟ ತಿದಿಯನ್ನು ಒತ್ತುತ್ತ ಎಡ ತೋಳಿನ ಅಡಿಯ ಚೀಲಕ್ಕೆ ಗಾಳಿ ತುಂಬುತ್ತಾರೆ. ಉಸಿರಿನ ತೇವ ತಾಗದ ಒಣ ಗಾಳಿಯಾದ್ದರಿಂದ ಒಳಗಿನ ಜೊಂಡಿನ ರೀಡುಗಳನ್ನು ತೆಳುವಾಗಿ ಕೆತ್ತಿ ಕೂರಿಸಬಹುದು. ದನಿಯ ಮೃದುತ್ವಕ್ಕೆ ಇದೂ ಒಂದು ಕಾರಣ. ಮೂರು ಡ್ರೋನ್ ಕೊಳವೆಗಳು ಮೂರು ಸ್ಥಾಯಿಗಳ ಷಡ್ಜವನ್ನು ಹಿಡಿದು ನಿಲ್ಲುತ್ತವೆ, ನಮ್ಮಲ್ಲಿ ಶ್ರುತಿಪೆಟ್ಟಿಗೆ ಮಾಡುವ ಕೆಲಸವನ್ನೇ ಅವು ಮಾಡುತ್ತವೆ. ಇವಲ್ಲದೆ ರೆಗ್ಯುಲೇಟರ್ ಎಂಬ ಕೀಲಿಗಳುಳ್ಳ ಕೊಳವೆಗಳೂ ತೊಡೆಯ ಮೇಲೆ ಅಡ್ಡಲಾಗಿ ಮಲಗಿರುತ್ತವೆ. ಬೆರಳುಗಳು ರಾಗದಲ್ಲಿ ತೊಡಗಿರುವಾಗಲೇ ಅಂಗೈಯ ಬುಡದಿಂದ ಆ ಕೀಲಿಗಳನ್ನು ಒತ್ತಿ ಸ್ವರಮೇಳ ಕೂಡಿಸುತ್ತಾರೆ.

ಸಿನಿಮಾದವರಿಗೆ ಬೇಕಾದ ಗುಣಗಳು ಇಲ್ಲೇ ಇವೆ. ಸ್ಕಾಟಿಷ್ ಹೈಲ್ಯಾಂಡ್ ಪೈಪಿನಲ್ಲಿ ಒಂಬತ್ತೇ ಸ್ವರಗಳು, ನುಡಿಸುವಾಗ ದನಿಯನ್ನು ನಡುವೆ ತಡೆಯುವಂತಿಲ್ಲ, ಗಟ್ಟಿತನವನ್ನೂ ಹೆಚ್ಚುಕಡಿಮೆ ಮಾಡಲಾಗದು. ಇಲನ್ ಪೈಪಿನಲ್ಲಿ ಎರಡು ಸ್ಥಾಯಿ ಸಿಗುತ್ತದೆ. ತೊಡೆಗೆ ಕಟ್ಟಿದ ತೊಗಲಿನ ತುಂಡಿನ ಮೇಲೆ ರಾಗ ನುಡಿಸುವ ಕೊಳಲಿನಂಥ ಕೊಳವೆಯಾದ ಚಾಂಟರಿನ ತುದಿಯನ್ನು ಒತ್ತಿ ರಂಧ್ರಗಳನ್ನೆಲ್ಲ ಮುಚ್ಚಿದರೆ ಅದರ ದನಿ ಥಟ್ಟನೆ ನಿಲ್ಲುತ್ತದೆ. ತುದಿಯನ್ನು ಎತ್ತಿದ ಕ್ಷಣ ಸ್ವರ ಮತ್ತೆ ಹೊರಡುತ್ತದೆ. ಹೀಗಾಗಿ ವಯಲಿನ್‌ಗಳ ನಡುವೆ ಯಾರನ್ನೂ ಮುಳುಗಿಸದೆ ಅದು ಕೂರಬಲ್ಲದು.

ಉತ್ತರ – ಹಳೆಯ ಕೇಳುಗ

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಆ ಆಯ್ಕೆಯ ಬಗ್ಗೆ ನನಗೆ ಬೇಸರವಿದೆ. ವ್ಯಾಲೆಸ್‌ನನ್ನು ಕೊಂದದ್ದು 1305ರಲ್ಲಿ. ಇಲನ್ ಪೈಪ್ಸ್ ರೂಪುಗೊಂಡದ್ದು 18ನೇ ಶತಮಾನದಲ್ಲಿ. ಕಾಲದ ಮಾತು ಬಿಟ್ಟರೂ, ಸ್ಕಾಟ್ಲೆಂಡಿಗೆ ಪೀಬ್ರಾಕ್ ಎಂಬ ತನ್ನದೇ ವಿಳಂಬ ಗತಿಯ, ಶೋಕಗೀತಗಳಿಂದ ಸಮೃದ್ಧವಾದ ಪರಂಪರೆಯಿದೆ. ಶೋಕವನ್ನು ಹೇಳಲು ಅದಕ್ಕೆ ಎರವಲು ದನಿ ಬೇಕಿರಲಿಲ್ಲ.

ಐರಿಷ್ ವಾದ್ಯಕ್ಕೂ ಇದರಿಂದ ಒಂದು ನಷ್ಟವಾಗಿದೆ. 1997ರ 'ಟೈಟಾನಿಕ್'ನಲ್ಲಿಯೂ ಹಾರ್ನರ್ ಮತ್ತು ರಿಗ್ಲರ್ ಇದೇ ದನಿಯನ್ನು ತಂದ ಮೇಲೆ, ಮಂಜು, ಸಮುದ್ರ, ಸಾವು ಎಂದೊಡನೆ ಇಲನ್ ಪೈಪ್ಸ್ ಎಂಬಂತಾಗಿದೆ. ಈ ವಾದ್ಯದ ನಿತ್ಯದ ಅನ್ನ ಕುಣಿತದ ಗತ್ತುಗಳು, ಜಿಗ್ ಮತ್ತು ರೀಲ್‌ಗಳು. ವಿಲ್ಲಿ ಕ್ಲ್ಯಾನ್ಸಿ, ಶೇಮಸ್ ಎನಿಸ್ ಅವರ ಧ್ವನಿಮುದ್ರಣಗಳನ್ನು ಕೇಳಿದರೆ ಇದೇ ವಾದ್ಯ ನಗುವುದನ್ನೂ ಕೇಳಬಹುದು. ಸಿನಿಮಾದಲ್ಲೇ ಕೇಳಬೇಕೆಂದಿದ್ದರೆ 1975ರ 'ಬ್ಯಾರಿ ಲಿಂಡನ್' ನೋಡಿ. ಅಲ್ಲಿ ನುಡಿಸಿದವರು ಚೀಫ್‌ಟನ್ಸ್ ತಂಡದವರು. ಅದರ ಪೈಪ್ ವಾದಕ ಪ್ಯಾಡಿ ಮೊಲೋನಿ ಅವರು ಲಿಯೋ ರೌಸಮ್ ಅವರಲ್ಲಿ ಕಲಿತವರು. ಶಾನ್ ಓ ರೀಡ ಅವರ ರಾಗವನ್ನು ವಾದ್ಯವೃಂದದ ದಪ್ಪ ಹೊದಿಕೆಯಿಲ್ಲದೆ, ಕೆಲವೇ ವಾದ್ಯಗಳಲ್ಲಿ ನುಡಿಸಿದ್ದಾರೆ. ಕಥೆಯ ಮೊದಲ ಭಾಗ 18ನೇ ಶತಮಾನದ ಐರ್ಲೆಂಡಿನಲ್ಲೇ ನಡೆಯುವುದರಿಂದ ವಾದ್ಯಕ್ಕೂ ನೆಲಕ್ಕೂ ಹೊಂದಿಕೆಯಿದೆ.

ರಾಗಾಸಕ್ತ

ಇಬ್ಬರಿಗೂ ಕೃತಜ್ಞತೆಗಳು. ಎನಿಸ್ ಅವರು ನುಡಿಸಿದ ಒಂದು ವಿಳಂಬ ಗೀತವನ್ನು ನಿನ್ನೆ ರಾತ್ರಿ ಕೇಳಿದೆ. ಸ್ವರದಿಂದ ಸ್ವರಕ್ಕೆ ಜಾರುವ ರೀತಿ ನಮ್ಮ ಗಮಕಕ್ಕೆ ಬಹಳ ಹತ್ತಿರವೆನಿಸಿತು. ಈ ಅನಿಸಿಕೆ ಸರಿಯೇ?

ಉತ್ತರ – ನಾದಲೋಲ

ಜಾರುವುದರ ಮಟ್ಟಿಗೆ ಸರಿ: ರಂಧ್ರದ ಮೇಲಿಂದ ಬೆರಳನ್ನು ಒಮ್ಮೆಲೇ ಎತ್ತದೆ ನಿಧಾನವಾಗಿ ಸರಿಸುತ್ತಾರೆ, ನಮ್ಮ ಕೊಳಲಿನವರು ಮಾಡುವಂತೆಯೇ. ಆದರೆ ಅವರಲ್ಲಿ ಕ್ರ್ಯಾನ್ ಎಂಬ ಇನ್ನೊಂದು ಅಲಂಕಾರವಿದೆ. ಚಾಂಟರಿನ ಅತಿ ಕೆಳಗಿನ ಸ್ವರವನ್ನು ಹಿಡಿದಿಟ್ಟು, ಬೇರೆ ಬೇರೆ ಬೆರಳುಗಳನ್ನು ಚಕಚಕನೆ ಎತ್ತಿ ಮುಚ್ಚಿ, ಅದೊಂದೇ ಸ್ವರವನ್ನು ತುಂಡು ತುಂಡಾಗಿ ಗುಡುಗಿಸುತ್ತಾರೆ. ಇದನ್ನು ಗಮಕವೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು, ವಿಳಂಬ ಗೀತಗಳಲ್ಲಿ ಅನೇಕವು ಮೂಲತಃ ಐರಿಷ್ ಭಾಷೆಯ ಹಾಡುಗಳು. ಸಾಹಿತ್ಯ ಗೊತ್ತಿಲ್ಲದೆ ಅವನ್ನು ನುಡಿಸಬಾರದೆಂದು ಹಿರಿಯರು ಶಿಷ್ಯರಿಗೆ ಹೇಳುತ್ತ ಬಂದಿದ್ದಾರೆ. ಕಲಿಯಲು ಏಳು, ಅಭ್ಯಾಸಕ್ಕೆ ಏಳು, ನುಡಿಸಲು ಏಳು, ಹೀಗೆ ಪೈಪ್ ವಾದಕನಾಗಲು 21 ವರ್ಷ ಬೇಕೆಂಬುದು ಅಲ್ಲಿಯ ಹಳೆಯ ಮಾತು. 1968ರಲ್ಲಿ ವಾದಕರು ತಾವೇ ಸೇರಿ ನಾ ಪೀಬರಿ ಇಲನ್ ಎಂಬ ಸಂಘ ಕಟ್ಟಿ ವಾದ್ಯವನ್ನೂ ಅದನ್ನು ತಯಾರಿಸುವ ಕಸುಬನ್ನೂ ಉಳಿಸಿಕೊಂಡರು. 2017ರಲ್ಲಿ ಯುನೆಸ್ಕೋ ಈ ವಾದನಕಲೆಯನ್ನು ತನ್ನ ಪಟ್ಟಿಗೆ ಸೇರಿಸಿತು. ನೀವು ಮುಂದೆ ಕೇಳಬೇಕಾದದ್ದು ಲಿಯಮ್ ಓಫ್ಲಿನ್ ಅವರನ್ನು. ಶಾನ್ ಡೇವಿ 1980ರಲ್ಲಿ ವಾದ್ಯವೃಂದಕ್ಕೆಂದು ರಚಿಸಿದ 'ದ ಬ್ರೆಂಡನ್ ವಾಯೇಜ್'ನಲ್ಲಿ ಅವರದೇ ಪೈಪ್ ಮುಂದಾಳು, ವಯಲಿನ್‌ಗಳು ಅದನ್ನು ಹಿಂಬಾಲಿಸುತ್ತವೆ.