ಪದ ಬೇಕು (ತುರ್ತು): 'ಬ್ರೇಸ್' ಎಂಬ ಹಳೇ ಕೊರೆಯುವ ಸಾಧನಕ್ಕೆ ಏನೆನ್ನುತ್ತೀರಿ?

ಸು.ಮ. ಬರೆದದ್ದು:

ಎಲ್ಲರಿಗೂ ನಮಸ್ಕಾರ. ಶನಿವಾರ ಸಂಜೆಯೊಳಗೆ ಒಂದು ಪದ ಬೇಕಾಗಿದೆ.

ಮನೆಯ ಹಳೇ ಬಾಗಿಲಿಗೆ ಹೊಸ ಬೀಗ ಕೂರಿಸಬೇಕಿತ್ತು. ಕರೆಂಟಿನ ಡ್ರಿಲ್ಲು ಆ ಮರದಲ್ಲಿ ಹೊಗೆಯೆಬ್ಬಿಸಿತೇ ಹೊರತು ಮುಂದೆ ಹೋಗಲಿಲ್ಲ. ಗೆಳತಿಯ ತಂದೆಯವರಿಂದ ಹಳೆಯದೊಂದು ಸಾಧನ ಎರವಲು ತಂದೆ. ಇಂಗ್ಲಿಷಿನಲ್ಲಿ ಬ್ರೇಸ್. ನಡುವೆ ಡೊಂಕಾಗಿ ಬಾಗಿದ ಕಬ್ಬಿಣದ ಸರಳು, ತಲೆಯಲ್ಲಿ ಅಣಬೆಯಂಥ ಮರದ ಗುಂಡಿ, ತುದಿಯಲ್ಲಿ ಬಿಟ್ (ಮರ ಕೊರೆಯುವ ಬಿಡಿ ಸರಳು) ಕಚ್ಚುವ ಬಾಯಿ. ಗುಂಡಿಯನ್ನು ಅಂಗೈಯಲ್ಲೋ ಎದೆಯಲ್ಲೋ ಒತ್ತಿ, ಡೊಂಕನ್ನು ಹಿಡಿದು ಸುತ್ತಬೇಕು. ಒಂದಿಂಚಿನ ತೂತನ್ನು ನಿಧಾನಕ್ಕೆ, ಅಂಚು ಸೀಳದಂತೆ ಕೊರೆದುಕೊಟ್ಟಿತು.

ಹಿಂದಿರುಗಿಸಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ. "ನನ್ನ ರಟ್ಟೆಯಲ್ಲಿ ಬಲ ಇಲ್ಲ, ಬೇಕಾದವರು ಒಯ್ದು ತಂದಿಡಲಿ, ಚೀಟಿ ಬರೆದು ಕಟ್ಟಮ್ಮ, ಕನ್ನಡದಲ್ಲಿ ಬರಿ" ಎಂದರು. ಅವರನ್ನೇ ಹೆಸರು ಕೇಳಿದರೆ ಪ್ರಯೋಜನವಿಲ್ಲ. ಐವತ್ತು ವರ್ಷದಿಂದ ಅದನ್ನು 'ಅದು' ಎಂದೇ ಕರೆಯುತ್ತಿದ್ದಾರಂತೆ.

ಹಾಗಾಗಿ: ಸಾಧನಕ್ಕೆ ಏನು? ಬಿಟ್‌ಗೆ ಏನು? ('ಬಿಟ್ ಬಿಟ್ಟು ಬರಬೇಡಿ' ಎಂದು ಬರೆದರೆ ಓದುವವರು ನಗುತ್ತಾರೆ.) ಮತ್ತೆ, ಚೀಟಿಯ ತಲೆಯಲ್ಲಿ 'ಎರವಲು' ಎಂದು ಬರೆಯಲೋ 'ಕಡ' ಎಂದೋ?

ಹ.ನಾ. ಬರೆದದ್ದು:

ಬೈರಿಗೆ. ಇಷ್ಟಕ್ಕೆ ಚರ್ಚೆಯೇಕೆ? ನಿಘಂಟು ತೆರೆದರೆ ಸಿಗುತ್ತದೆ.

ಸು.ಮ. ಬರೆದದ್ದು:

ತೆರೆದಿದ್ದೆ ಸರ್. ಕೊರೆಯುವ ಉಪಕರಣ ಎಂಬ ಅರ್ಥವಿದೆ, ಯಾವುದು ಎಂದಿಲ್ಲ. ಹುರಿ ಸುತ್ತಿ ಬಿಲ್ಲಿನಿಂದ ಎಳೆಯುವುದೂ ಬೈರಿಗೆ, ಬೆರಳಲ್ಲೇ ತಿರುಪುವ ಪುಟ್ಟದ್ದೂ ಬೈರಿಗೆ. ಈ ಸಾಧನ ಇಡುವ ಕಪಾಟಿನಲ್ಲೇ ಆ ಪುಟ್ಟದ್ದೂ ಇದೆ.

ವೆಂ.ಭ. ಬರೆದದ್ದು:

'ಹಸ್ತಬೈರಿಗೆ' ಎನ್ನಬಹುದಲ್ಲ? ಗಂಭೀರವಾಗಿಯೂ ಕೇಳುತ್ತದೆ.

ಹ.ನಾ. ಬರೆದದ್ದು:

ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸ. ಹಳಗನ್ನಡದ ವೈಯಾಕರಣ ಕೇಶಿರಾಜನಿಂದ ಇವತ್ತಿನವರೆಗೆ ಯಾರಾದರೂ ಒಪ್ಪಿದ್ದಾರೆಯೇ? 'ಕೈ' ಇರುವಾಗ 'ಹಸ್ತ' ಯಾಕೆ?

ವೆಂ.ಭ. ಬರೆದದ್ದು:

ಕೇಶಿರಾಜನೇ ಬಿರುದಾವಳಿಗೂ ಹಿಂದಿನವರ ಪ್ರಯೋಗಕ್ಕೂ ವಿನಾಯಿತಿ ಕೊಟ್ಟಿದ್ದಾನೆ. ಅದಿರಲಿ, ತಾವು 'ಮುಖಬೆಲೆ' ಎನ್ನುವುದಿಲ್ಲವೇ? ಬಡಗಿಗೆ 'ದಿನಗೂಲಿ' ಕೊಡುವುದಿಲ್ಲವೇ? ಅರಿಸಮಾಸವೆಂದು ಅವನು ಕೂಲಿ ಬೇಡವೆಂದನೇ?

ಹ.ನಾ. ಬರೆದದ್ದು:

ಆದ ತಪ್ಪು ಹೊಸ ತಪ್ಪಿಗೆ ಪರವಾನಗಿಯಲ್ಲ. 'ಕೈಬೈರಿಗೆ' ಎನ್ನಿ, ಮುಗಿಸಿ.

ಈ ನೆಪದಲ್ಲಿ ಒಂದು ಮಾತು. ಬೈರಿಗೆ ಶುದ್ಧ ಕನ್ನಡ. ಬಾಯ್ + ಇರಿ + ಗೆ. ಮರಕ್ಕೆ ಬಾಯಿ ಬರುವಂತೆ ಇರಿಯುವುದು. 'ಬಾಯಿರಿಗೆ' ನಾಲಗೆಯಲ್ಲಿ ಸವೆದು 'ಬೈರಿಗೆ'. ಇದನ್ನು ಈ ಬಳಗದಲ್ಲಿ ಹಿಂದೆಯೂ ಬರೆದಿದ್ದೇನೆ, ಯಾರೂ ದಾಖಲೆ ಮಾಡಿಟ್ಟಿಲ್ಲ.

ರಂ.ಶೆ. ಬರೆದದ್ದು:

ಮೇಷ್ಟ್ರೇ, ಹಿಂದೆ ಬರೆದಾಗಲೂ ಕೇಳಿದ್ದೆ, ಉತ್ತರ ಬರಲಿಲ್ಲ: 'ಬಾಯಿರಿಗೆ' ಎಂಬ ರೂಪ ಎಲ್ಲಾದರೂ ಒಂದು ಕಡೆ ಸಿಕ್ಕಿದೆಯೇ? ಶಾಸನ, ಕಾವ್ಯ, ಗಾದೆ, ಬಯ್ಗುಳ, ಯಾವುದಾದರೂ ಸರಿ. ಬೈರಿಗೆ ತುಳುವಿನಲ್ಲೂ ಇದೆ. ಅಲ್ಲೂ ಹೀಗೇ ಬಾಯಿ ಸವೆಯಿತೇ? ಮರಕ್ಕೆ ಬಾಯಿ ಬರುವುದಾದರೆ ಉಳಿಗೂ ಅದೇ ಹೆಸರಿರಬೇಕಿತ್ತು.

ನನ್ನ ಕಡೆಯ ಬಡಗಿಗಳ ಬಾಯಲ್ಲಿ ಇದು 'ಬರಮಾ'. ಪಾರಸಿ ಮಾತು, ಉರ್ದು ದಾಟಿ ಬಂದದ್ದು. ಮರಾಠಿಯ ನೆರೆಯವರು ಪುಟ್ಟದ್ದಕ್ಕೆ 'ಗಿರಮಿಟ್' ಅನ್ನುತ್ತಾರೆ. ಅದು ಇಂಗ್ಲಿಷಿನ ಗಿಮ್ಲೆಟ್. ಬಳಸುವವರು ಬಿಟ್ಟ ಪದವನ್ನು ಚೀಟಿಯ ಮೇಲೆ ಬರೆದು ಯಾರಿಗೆ ಓದಿಸುತ್ತೀರಿ?

ಹ.ನಾ. ಬರೆದದ್ದು:

ಬರಮಾ ಪಾರಸಿ ಎಂದು ಯಾರು ಹೇಳಿದರು? 'ಭ್ರಮ', ತಿರುಗುವುದು. ಪಾರಸಿ ಕಂಡರೆ ಕೆಲವರಿಗೆ ಅಪಾರ ಪ್ರೀತಿ.

ರಂ.ಶೆ. ಬರೆದದ್ದು:

ಬೈರಿಗೆ ಶುದ್ಧ ಕನ್ನಡ, ಬರಮಾ ಶುದ್ಧ ಸಂಸ್ಕೃತ. ಹೊರಗಿನಿಂದ ಬಂದದ್ದು ನಾನೊಬ್ಬನೇ ಅಂತಾಯಿತು.

ಗು.ಆ. ಬರೆದದ್ದು:

ಸಾಮಾನ್ಯವಾಗಿ ಓದಿ ಸುಮ್ಮನಿರುವವ ನಾನು. ಮರಗೆಲಸ ಮಾಡಿದವನಾದ್ದರಿಂದ ತಡೆಯಲಾಗಲಿಲ್ಲ.

'ಕೈಬೈರಿಗೆ' ಎಂದರೆ ಕೆಲಸ ಕೆಡುತ್ತೆ. ಕೈಯಲ್ಲಿ ತಿರುಗಿಸುವುದು ಇದೊಂದೇ ಅಲ್ಲ. ಪಕ್ಕದಲ್ಲಿ ಹಲ್ಲುಗಾಲಿ ಇರುವ ಇನ್ನೊಂದಿದೆ, ಹಿಡಿಕೆ ಸುತ್ತಿದರೆ ಬಿಟ್ ಭರ್ರನೆ ತಿರುಗುತ್ತೆ. ಅದು ಸಣ್ಣ ತೂತಿಗೆ, ಮೊಳೆಗೆ ದಾರಿ ಮಾಡಲಿಕ್ಕೆ. ಬ್ರೇಸ್ ಹಾಗಲ್ಲ. ವೇಗ ಕಡಿಮೆ, ಬಲ ಜಾಸ್ತಿ. ಡೊಂಕು ಎಷ್ಟು ಅಗಲವೋ ಅಷ್ಟು ಬಲ. ಹತ್ತಿಂಚು ಸುತ್ತಿನದು ಸಾಮಾನ್ಯ, ಎಂಟು ಹನ್ನೆರಡು ಇಂಚಿನವೂ ಉಂಟು. ಅದಕ್ಕೆ ಹಾಕುವ ಬಿಟ್ಟೇ ಬೇರೆ: ತುದಿಯಲ್ಲಿ ಸಣ್ಣ ತಿರುಪು ಇರುತ್ತೆ, ಅದು ಮರವನ್ನು ಕಚ್ಚಿ ಬಿಟ್ಟನ್ನು ತಾನೇ ಒಳಗೆಳೆದುಕೊಳ್ಳುತ್ತೆ. ಬುಡ ಚೌಕ, ಮೊನಚಾಗಿ ಸಣ್ಣದಾಗುತ್ತಾ ಹೋಗುತ್ತೆ. ಕರೆಂಟಿನ ಡ್ರಿಲ್ಲಿನ ಮೂರು ದವಡೆಯಲ್ಲಿ ಅದು ನೆಟ್ಟಗೆ ಕೂರುವುದಿಲ್ಲ. ಇದನ್ನು ಚೀಟಿಯಲ್ಲಿ ಬರೆಯದಿದ್ದರೆ ಯಾರಾದರೂ ಹಾಕಿ ನೋಡಿಯೇ ನೋಡುತ್ತಾರೆ.

ಬುಡದ ಮೇಲೆ ಕೊರೆದಿರುವ ಅಂಕಿ ಇಂಚಿನ ಹದಿನಾರನೇ ಭಾಗದ ಲೆಕ್ಕ. 8 ಎಂದರೆ ಅರ್ಧ ಇಂಚು, 16 ಎಂದರೆ ಒಂದಿಂಚು. ತಿರುಪಿನ ತುದಿ ಆಚೆ ಕಂಡ ಕೂಡಲೇ ನಿಲ್ಲಿಸಿ ಆಚೆಯಿಂದ ಕೊರೆಯಬೇಕು, ಇಲ್ಲದಿದ್ದರೆ ಮರ ಸಿಬಿರೇಳುತ್ತೆ. ಸುಮಾ ಅವರಿಗೆ ಅಂಚು ಸೀಳಲಿಲ್ಲ ಅಂದರೆ ಹೀಗೇ ಮಾಡಿರಬೇಕು, ಇಲ್ಲ ಅದೃಷ್ಟ.

ಹೆಸರು? ಆಕಾರ ನೋಡಿ ಇಡಿ. ಡೊಂಕು ಬೈರಿಗೆ. ಹಲ್ಲಿನದು ಹಲ್ಲು ಬೈರಿಗೆ. ಹುರಿಯದು ಬಿಲ್ಲು ಬೈರಿಗೆ.

ಹ.ನಾ. ಬರೆದದ್ದು:

'ಡೊಂಕು' ಬೈಗುಳದ ಹಾಗಿದೆ. 'ಬಾಗುಬೈರಿಗೆ' ಎಂದರೆ ಕಿವಿಗೂ ಹಿತ. ಬಿಟ್‌ಗೆ 'ಕೊರೆಮೊನೆ' ಎನ್ನಿ. ಕೊರೆಯುವ ಮೊನೆ, ಪ್ರತ್ಯಯ ಬಿಟ್ಟುಹೋಗಿದೆ. ತಿರುಪು, ಉಳಿ ಸೇರಿ 'ತಿರುಪುಳಿ' ಆದ ಹಾಗೆ ಇದೂ ಹುಟ್ಟಲಿ.

ರಂ.ಶೆ. ಬರೆದದ್ದು:

ತಿರುಪುಳಿಯನ್ನು ಬರೆಯುವವರು ಎಷ್ಟು, ಸ್ಕ್ರೂಡ್ರೈವರ್ ಕೊಡಿ ಎಂದು ಕೇಳುವವರು ಎಷ್ಟು?

ಹ.ನಾ. ಬರೆದದ್ದು:

ಅದಕ್ಕೇ ಕನ್ನಡ ಈ ಗತಿಗೆ ಬಂದಿದೆ. ಎರವಲು ತಂದದ್ದನ್ನು ಎಂದಾದರೂ ವಾಪಸು ಕೊಡಬೇಕು ಎಂಬ ಪ್ರಜ್ಞೆ ಇಲ್ಲ. ಪಕ್ಕದ ಮನೆಯ ಸಾಮಾನಿನಲ್ಲೇ ಸಂಸಾರ ನಡೆಸುತ್ತಿದ್ದೇವೆ.

ರಂ.ಶೆ. ಬರೆದದ್ದು:

ಮೇಷ್ಟ್ರೇ, 'ವಾಪಸು' ಪಾರಸಿ. ಮೊನ್ನೆ ಯಾರೂ ಮಾಡಲಿಲ್ಲವೆಂದು ಬೇಸರಪಟ್ಟ 'ದಾಖಲೆ' ಅರಬ್ಬಿ. ಈ ಕಾಗದ ಬರೆದ ಮೇಜು ಪೋರ್ಚುಗೀಸರದ್ದು, ಚಾವಿಯೂ ಅವರದ್ದೇ. ಮನೆ ರಿಪೇರಿಗೆ ಕರೆಯುವ ಮೇಸ್ತ್ರಿ ಕೂಡ ಅವರ ಜೊತೆಗೇ ಬಂದವನು. ಇವನ್ನೆಲ್ಲ ಯಾವ ವಿಳಾಸಕ್ಕೆ ಕಳಿಸೋಣ? ಗರಗಸವನ್ನಂತೂ ಸಂಸ್ಕೃತದ 'ಕ್ರಕಚ'ದಿಂದ ತಂದು, ಹಲ್ಲು ಬೇರೆ ಮಸೆದು, ನಮ್ಮದೇ ಮಾಡಿಕೊಂಡಿದ್ದೇವೆ.

ಹ.ನಾ. ಬರೆದದ್ದು:

ಅದು ತದ್ಭವ. ತದ್ಭವಕ್ಕೂ ಕಳ್ಳಮಾಲಿಗೂ ವ್ಯತ್ಯಾಸ ತಿಳಿಯದವರ ಜೊತೆ ವಾದವಿಲ್ಲ.

ವೆಂ.ಭ. ಬರೆದದ್ದು:

ಏಳುನೂರು ವರ್ಷ ಬಿಟ್ಟರೆ ಕಳ್ಳಮಾಲೂ ತದ್ಭವವೇ.

ಸುಮಾ ಅವರ ಮೂರನೇ ಪ್ರಶ್ನೆಯನ್ನು ಎಲ್ಲರೂ ಮರೆತಿರಿ. ಚೀಟಿಗೆ 'ಎರವಲು' ಸರಿ. ಸಾಲ ಎಂದರೆ ತಂದದ್ದೇ ಹಿಂದಿರುಗಬೇಕೆಂದಿಲ್ಲ, ಅಷ್ಟೇ ಬೆಲೆಯದು ಬಂದರೆ ಸಾಕು. ನೋಟಿನ ನಂಬರು ಯಾರೂ ನೋಡುವುದಿಲ್ಲ. ಎರವಲು ಎಂದರೆ ಆ ವಸ್ತುವೇ ಬರಬೇಕು. ಕಡ ಎರಡಕ್ಕೂ ನಡೆಯುತ್ತದೆ, ಕೈಗಡ ಮಾತ್ರ ಹಣಕ್ಕೆ. ತಮಿಳಿನ 'ಇರವಲ್' ಇದರ ಒಡಹುಟ್ಟು. ಮೂಲದಲ್ಲಿ ಇರುವುದು ಬೇಡುವುದು, 'ಎರೆ'. ಅಂದರೆ ಎರವಲು ಪದ ಎಂದು ನಾವು ಹೇಳುವುದೇ ತಪ್ಪು. ಇಂಗ್ಲಿಷಿನಿಂದ ನಾವು ಬೇಡಲೂ ಇಲ್ಲ, ಹಿಂದಿರುಗಿಸುವುದೂ ಇಲ್ಲ.

ಸು.ಮ. ಬರೆದದ್ದು:

ಎಲ್ಲರಿಗೂ ಋಣಿ. ನಾಳೆಯೇ ಶನಿವಾರ, ಇಷ್ಟು ಬರೆದಿದ್ದೇನೆ:

"ಎರವಲಿಗೆ. ಡೊಂಕು ಬೈರಿಗೆ 1, ಬಿಟ್ 4. ಬಿಟ್ಟಿನ ಮೇಲಿನ ಅಂಕಿ ಇಂಚಿನ ಹದಿನಾರನೇ ಭಾಗದ ಲೆಕ್ಕ. ಕರೆಂಟಿನ ಡ್ರಿಲ್ಲಿಗೆ ಹಾಕಬೇಡಿ. ತುದಿ ಆಚೆ ಕಂಡರೆ ನಿಲ್ಲಿಸಿ, ಆಚೆ ಕಡೆಯಿಂದ ಕೊರೆಯಿರಿ."

ಹ.ನಾ. ಸರ್, ಕೊರೆಮೊನೆ ನನಗೂ ಇಷ್ಟವಾಯಿತು. ಆದರೆ ಕೊರೆಮೊನೆ 4 ಎಂದು ಬರೆದು ಗೆಳತಿಯ ತಂದೆಗೆ ತೋರಿಸಿದೆ. ಅವರು ಕಪಾಟಿನಲ್ಲಿ ಅದನ್ನು ಹುಡುಕಲು ಹೊರಟರು.

ಹ.ನಾ. ಬರೆದದ್ದು:

'ಬಿಟ್ಟಿನ' ಎಂದು ವಿಭಕ್ತಿ ಹಚ್ಚಿದ್ದೀರಿ. ಇನ್ನು ಅದು ಹೋಗುವುದಿಲ್ಲ.

ಗು.ಆ. ಬರೆದದ್ದು:

ಚೀಟಿ ಸಾಕು. ಬರೀ 4 ಅನ್ನಬೇಡಿ, ನಂಬರು ಹಾಕಿ: 6, 8, 12, 16, ಯಾವ್ಯಾವುದಿದೆಯೋ ಅದು. ನನ್ನ 16ನೇ ನಂಬರಿನದನ್ನು ಒಬ್ಬರು ಒಯ್ದು, ಲೆಕ್ಕ ಸರಿಹೋಗಲೆಂದು ಇನ್ನೊಂದು 8 ತಂದಿಟ್ಟಿದ್ದಾರೆ.