ರೂಢಿಯನ್ನು ಮುರಿಯುವುದೋ, ಕೆಣಕುವುದೋ?

ಮಾನ್ಯರೇ,

ಬೆಂಗಳೂರಿನ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಓದುತ್ತಿರುವ ನನ್ನ ಅಕ್ಕನ ಮಗಳು ತನ್ನ ಮೂವರು ಸಹಪಾಠಿಗಳೊಂದಿಗೆ ಕನ್ನಡದಲ್ಲಿ ಪಾಪ್ ಸಂಗೀತದ ಒಂದು ಮಾದರಿ ಪತ್ರಿಕೆಯನ್ನು ಸಿದ್ಧಪಡಿಸಿದ್ದಾಳೆ. ಒಂದು ಮುಖಪುಟ, ಒಂದು ಪರಿವಿಡಿ, ಎದುರುಬದುರು ಪುಟಗಳಲ್ಲಿ ಹರಡಿಕೊಂಡ ಒಂದು ಸಂದರ್ಶನ, ಇಷ್ಟೇ ಅದರ ಗಾತ್ರ. ಇದರ ಜೊತೆಗೆ, ಇಂಥ ಪತ್ರಿಕೆಗಳ ವಿನ್ಯಾಸದಲ್ಲಿರುವ ‘ಕನ್ವೆನ್ಷನ್’ಗಳಲ್ಲಿ ಯಾವುದನ್ನು ಅನುಸರಿಸಿದೆವು, ಯಾವುದನ್ನು ‘ಚಾಲೆಂಜ್’ ಮಾಡಿದೆವು ಎಂದು ವಿವರಿಸುವ ವರದಿಯನ್ನೂ ಅವರು ಬರೆಯಬೇಕಿತ್ತು. ಅದರ ಕರಡನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ವಾಕ್ಯ ಹೀಗಿತ್ತು: ‘ನಮ್ಮ ಪತ್ರಿಕೆಯು ಸಂಪ್ರದಾಯಗಳಿಗೆ ಸವಾಲು ಹಾಕುತ್ತದೆ.’ ಪಕ್ಕದಲ್ಲಿದ್ದ ನನ್ನ ತಾಯಿ ಅದನ್ನು ಓದಿ, ‘ಏನಂತೆ, ಮಡಿ ಮೈಲಿಗೆ ಬೇಡ ಅಂತಲೋ, ಮದುವೆ ಶಾಸ್ತ್ರ ಬೇಡ ಅಂತಲೋ?’ ಎಂದು ಕೇಳಿದರು. ಅವರು ಓದಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕನ್ನಡದಲ್ಲಿ ‘ಸಂಪ್ರದಾಯ’ ಎಂದರೆ ಹಿರಿಯರು ಕೈಗಿತ್ತು ಹೋದದ್ದು. ಪದದ ಒಳಗೇ ಕೊಡುವ ಅರ್ಥದ ‘ದಾ’ ಧಾತು ಇದೆ. ಮುಖಪುಟದಲ್ಲಿ ಗಾಯಕಿ ನೇರವಾಗಿ ಓದುಗನ ಕಣ್ಣನ್ನೇ ದಿಟ್ಟಿಸಬೇಕೆಂಬುದನ್ನು ಯಾವ ಹಿರಿಯರೂ ಯಾರಿಗೂ ಹಾಗೆ ದಾಟಿಸಿದ್ದಲ್ಲ.

‘ನಿಯಮ’ ಎನ್ನೋಣವೆಂದರೆ, ತಪ್ಪಿದವರಿಗೆ ದಂಡವಿಲ್ಲ. ‘ವಾಡಿಕೆ’ಯಲ್ಲಿ ಏನೋ ಸುಮ್ಮನೆ ನಡೆದುಕೊಂಡು ಬಂದದ್ದೆಂಬ ಧ್ವನಿಯಿದೆ, ಆದರೆ ಇವು ಸುಮ್ಮನೆ ಬಂದವುಗಳಲ್ಲ. ಪತ್ರಿಕೆಯ ಹೆಸರು ಮೇಲ್ಗಡೆಯೇ, ಅದರಲ್ಲೂ ಎಡಗಡೆಗೇ ಏಕೆ ಇರುತ್ತದೆ ಎಂಬುದಕ್ಕೆ ಅಂಗಡಿಯೇ ಉತ್ತರ: ಒಂದರ ಮೇಲೊಂದನ್ನು ಅರ್ಧ ಮುಚ್ಚುವಂತೆ ಜೋಡಿಸಿದಾಗ ಹೊರಗೆ ಇಣುಕುವುದು ಆ ಭಾಗ ಮಾತ್ರ. ಕಾರಣ ಮರೆತುಹೋಗಿದ್ದರೂ ಕ್ರಮ ಉಳಿದಿದೆ.

ನನಗೆ ಮೊದಲು ಹೊಳೆದ ಪರ್ಯಾಯ ‘ಸಮಯ’. ನಮ್ಮ ಅಲಂಕಾರಶಾಸ್ತ್ರದಲ್ಲಿ ‘ಕವಿಸಮಯ’ವೆಂಬ ಮಾತಿದೆ, ರಾಜಶೇಖರನ ‘ಕಾವ್ಯಮೀಮಾಂಸೆ’ ಅದನ್ನು ವಿಸ್ತಾರವಾಗಿ ಚರ್ಚಿಸುತ್ತದೆ. ಚಕೋರ ಬೆಳದಿಂಗಳನ್ನು ಕುಡಿಯುತ್ತದೆ, ಕೀರ್ತಿಯ ಬಣ್ಣ ಬಿಳುಪು ಎಂಬಂಥವು ಲೋಕದಲ್ಲಿ ನಿಜವಲ್ಲದಿದ್ದರೂ ಕವಿ ಮತ್ತು ಓದುಗ ಇಬ್ಬರೂ ಒಪ್ಪಿಕೊಂಡ ಮಾತುಗಳು. ಇಲ್ಲಿ ‘ಸಮಯ’ವೆಂದರೆ ಕಾಲವಲ್ಲ, ಒಡಂಬಡಿಕೆ. ಪತ್ರಿಕೆಯ ವಿನ್ಯಾಸದಲ್ಲಿ ನಡೆಯುವುದೂ ಇದೇ ಅಲ್ಲವೇ? ಸಂದರ್ಶನದ ನಡುವಿನಿಂದ ಒಂದು ಮಾತನ್ನು ಎತ್ತಿ ದಪ್ಪಕ್ಷರದಲ್ಲಿ ಅಚ್ಚು ಮಾಡಿದರೆ, ಅದು ಹೊಸ ವಾಕ್ಯವಲ್ಲ, ಒಳಗಿರುವುದರ ರುಚಿ ಮಾತ್ರ ಎಂದು ಓದುಗ ಯಾರೂ ಹೇಳಿಕೊಡದೆಯೇ ಒಪ್ಪಿಕೊಂಡಿರುತ್ತಾನೆ. ಈ ಉತ್ಸಾಹದಲ್ಲಿ ‘ಪತ್ರಿಕಾಸಮಯ’ವೆಂದು ತಿದ್ದಿ ಕಳುಹಿಸಿದೆ. ‘ಪತ್ರಿಕೆ ಅಂಗಡಿಗೆ ಬರುವ ಹೊತ್ತಾ, ಮಾಮ?’ ಎಂದು ಹುಡುಗಿ ಮರಳಿ ಬರೆದಳು. ಹನ್ನೆರಡನೆಯ ಶತಮಾನದ ಬ್ರಹ್ಮಶಿವನ ‘ಸಮಯಪರೀಕ್ಷೆ’ಯಲ್ಲಿ ಈ ಪದಕ್ಕೆ ಮತಧರ್ಮವೆಂಬ ಅರ್ಥವೂ ಇದೆಯೆಂದು ಹೇಳಲು ಹೊರಟವನು ಸುಮ್ಮನಾದೆ. ಅದನ್ನು ಹೇಳಿದ್ದರೆ ನನ್ನ ತಾಯಿಯ ಪ್ರಶ್ನೆಗೇ ಮರಳಿದಂತಾಗುತ್ತಿತ್ತು.

ಕೊನೆಗೆ ‘ರೂಢಿ’ಗೆ ಬಂದು ನಿಂತಿದ್ದೇನೆ. ಶಾಲೆಯ ವ್ಯಾಕರಣದಲ್ಲಿ ‘ರೂಢನಾಮ’ವನ್ನು ಓದದವರಿಲ್ಲ. ಶಬ್ದದ ಅವಯವಗಳಿಂದ ಹುಟ್ಟದೆ, ಬಳಸಿ ಬಳಸಿ ನೆಲೆಗೊಂಡ ಅರ್ಥಕ್ಕೆ ‘ರೂಢಿ’ ಎನ್ನುವುದು ನಮ್ಮ ಶಾಸ್ತ್ರಕಾರರ ಪರಿಭಾಷೆ. ಕೆಂಪು ಚೌಕದೊಳಗೆ ಒಂದೇ ಒಂದು ಬಿಳಿ ಅಕ್ಷರವಿದ್ದರೆ ಅದು ‘ಕ್ಯೂ’ ಎಂಬ ಬ್ರಿಟಿಷ್ ಸಂಗೀತ ಪತ್ರಿಕೆಯೆಂದು 1986ರಿಂದ 2020ರವರೆಗೆ ಅಲ್ಲಿನ ಓದುಗರು ಗುರುತಿಸುತ್ತಿದ್ದುದು ಇಂಥ ನೆಲೆಗೊಂಡ ಅರ್ಥದಿಂದಲೇ. ಕೆಂಪಿಗೂ ಸಂಗೀತಕ್ಕೂ ಬೇರೆ ಸಂಬಂಧವಿಲ್ಲ.

ನಾಮಪದವೇನೋ ಸಿಕ್ಕಿತು, ನಿಜವಾದ ತೊಡಕು ಕ್ರಿಯಾಪದದ್ದು. ‘ಸವಾಲು ಹಾಕು’ ಎಂದರೆ ಎದುರಿಗೆ ಜವಾಬು ಕೊಡಬಲ್ಲವನೊಬ್ಬ ಇರಬೇಕು, ರೂಢಿಗೆ ಬಾಯಿಲ್ಲ. ‘ಮುರಿ’ ಎಂದರೆ ಮುರಿದದ್ದು ಮುಂದೆ ಉಳಿಯುವುದಿಲ್ಲ. ಎರಡು ನಿದರ್ಶನಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ನನಗೆ ವ್ಯತ್ಯಾಸ ತಿಳಿಯಿತು. ಲಂಡನ್ನಿನ ‘ದ ಫೇಸ್’ ಪತ್ರಿಕೆಯ ವಿನ್ಯಾಸವನ್ನು 1981ರಿಂದ 1986ರವರೆಗೆ ನೋಡಿಕೊಂಡ ನೆವಿಲ್ ಬ್ರಾಡಿ, ಪರಿವಿಡಿಯ ಪುಟದ ತಲೆಬರಹವಾಗಿದ್ದ ‘ಕಂಟೆಂಟ್ಸ್’ ಎಂಬ ಪದದ ಅಕ್ಷರಗಳನ್ನು ಸಂಚಿಕೆಯಿಂದ ಸಂಚಿಕೆಗೆ ಸ್ವಲ್ಪ ಸ್ವಲ್ಪವೇ ಸವೆಸುತ್ತ ಹೋಗಿ, ಕೊನೆಗೆ ಅದು ಪದವಾಗಿ ಓದಲು ಬಾರದ ಬರಿಯ ಗುರುತುಗಳಾಗಿ ಉಳಿಯುವಂತೆ ಮಾಡಿದರು. ಆದರೂ ಆ ಪುಟ ಪರಿವಿಡಿಯೆಂದು ಓದುಗರಿಗೆ ಗೊತ್ತಾಗುತ್ತಲೇ ಇತ್ತು, ಏಕೆಂದರೆ ಅದರ ಜಾಗ ಬದಲಾಗಿರಲಿಲ್ಲ, ಪುಟಸಂಖ್ಯೆಗಳು ಅಲ್ಲಿದ್ದವು. (ನಮ್ಮ ‘ಪರಿವಿಡಿ’ಗೆ ಮೂಲದಲ್ಲಿ ಕ್ರಮ, ಅನುಕ್ರಮವೆಂದೇ ಅರ್ಥ ಎಂಬುದನ್ನು ಇಲ್ಲಿ ನೆನೆಯಬಹುದು, ಬ್ರಾಡಿ ಹೆಸರನ್ನು ಅಳಿಸಿದರು, ಪರಿವಿಡಿಯನ್ನಲ್ಲ.) ಇನ್ನೊಂದು ಕಡೆ, ಅಮೆರಿಕದ ‘ರೇ ಗನ್’ ಪತ್ರಿಕೆಯ ಡೇವಿಡ್ ಕಾರ್ಸನ್ 1994ರಲ್ಲಿ ಗಾಯಕ ಬ್ರಯಾನ್ ಫೆರಿಯ ಸಂದರ್ಶನ ನೀರಸವಾಗಿದೆಯೆಂದು ಅನ್ನಿಸಿ, ಅದನ್ನು ಇಡಿಯಾಗಿ ‘ಝಾಫ್ ಡಿಂಗ್‌ಬ್ಯಾಟ್ಸ್’ ಎಂಬ, ಅಕ್ಷರಗಳೇ ಇಲ್ಲದ, ಬರಿಯ ಚಿಹ್ನೆಗಳ ಫಾಂಟಿನಲ್ಲಿ ಅಚ್ಚು ಮಾಡಿಸಿದರು. ಇದು ಮುರಿಯುವುದು. ಹಾಗೆ ಮುರಿದವರೂ ಅದೇ ಸಂಚಿಕೆಯ ಕೊನೆಯಲ್ಲಿ ಆ ಸಂದರ್ಶನವನ್ನು ಓದಲು ಬರುವ ಅಕ್ಷರಗಳಲ್ಲಿ ಮತ್ತೆ ಕೊಡಬೇಕಾಯಿತೆಂಬುದು ನನಗೆ ಹೆಚ್ಚು ಕುತೂಹಲದ ಸಂಗತಿಯಾಗಿ ಕಾಣುತ್ತದೆ.

ಬ್ರಾಡಿ ಮಾಡಿದ್ದಕ್ಕೆ ಕನ್ನಡದಲ್ಲಿ ‘ಕೆಣಕು’ ಎಂಬ ಪದ ಸರಿಹೊಂದುತ್ತದೆಯೆಂದು ನನ್ನ ಅಭಿಪ್ರಾಯ. ಕೆಣಕಬೇಕಾದರೆ ಕೆಣಕಿಸಿಕೊಳ್ಳುವುದು ಜೀವಂತವಾಗಿ ಎದುರಿಗಿರಬೇಕು. ರೂಢಿ ಯಾವುದೆಂದು ತಿಳಿಯದ ಓದುಗನ ಮುಂದೆ ಅದನ್ನು ಕೆಣಕಲಾಗುವುದಿಲ್ಲ, ಅವನಿಗೆ ಅದು ಅಚ್ಚಿನ ತಪ್ಪಾಗಿ ಕಾಣುತ್ತದೆ.

ಹುಡುಗಿಯರ ಪತ್ರಿಕೆಯಲ್ಲಿ ಇನ್ನೊಂದು ಬಗೆಯೂ ಇತ್ತು. ತಾರೆಯ ತಲೆ ಪತ್ರಿಕೆಯ ಹೆಸರನ್ನು ಒಂದಿಷ್ಟು ಮರೆಮಾಡುವಂತೆ ಚಿತ್ರವನ್ನು ಕೂರಿಸುವುದು ಇಂಗ್ಲಿಷ್ ಸಂಗೀತ ಪತ್ರಿಕೆಗಳ ಸಾಮಾನ್ಯ ರೂಢಿ. ಇವರು ಹಾಗೆ ಮಾಡಿರಲಿಲ್ಲ, ವರದಿಯಲ್ಲಿ ಮಾತ್ರ ಇದನ್ನೂ ‘ಸವಾಲು’ ಎಂದು ಬರೆದುಕೊಂಡಿದ್ದರು. ಕೇಳಿದಾಗ ನಿಜ ಹೊರಬಿತ್ತು. ಕನ್ನಡದ ಅಕ್ಷರಕ್ಕೆ ತಲೆಯ ಮೇಲೆಯೇ ಗುಡಿಸು, ಏತ್ವಗಳಿವೆ. ‘ಧ್ವನಿ’ ಎಂದು ಬರೆದು ಗಾಯಕಿಯ ಕೂದಲನ್ನು ಅದರ ಮೇಲೆ ತಂದರೆ ‘ನಿ’ಯ ಗುಡಿಸು ಮುಚ್ಚಿಹೋಗಿ ಪದವೇ ಕೆಡುತ್ತದೆ, ಕೆಳಕ್ಕೆ ಸರಿಸಿ ಬರೆಯೋಣವೆಂದರೆ ‘ಧ್ವ’ದ ಒತ್ತು ಕೆಳಗಿನ ಸಾಲುಗಳಿಗೆ ತಾಗುತ್ತದೆ. ಮುಖಪುಟದ ಸಾಲುಗಳನ್ನು ಪೂರ್ತಿ ದೊಡ್ಡಕ್ಷರಗಳಲ್ಲಿ ಕೂಗಿ ಹೇಳುವ ರೂಢಿಯೂ ನಮ್ಮ ಲಿಪಿಗೆ ಒಗ್ಗದು, ಏಕೆಂದರೆ ನಮಗೆ ದೊಡ್ಡಕ್ಷರ, ಚಿಕ್ಕಕ್ಷರವೆಂಬ ಭೇದವೇ ಇಲ್ಲ. ಇವು ಕೆಣಕಿದ್ದೂ ಅಲ್ಲ, ಮುರಿದದ್ದೂ ಅಲ್ಲ, ಲಿಪಿಗೆ ಒಗ್ಗದೆ ಬಿಟ್ಟದ್ದು. ಬೇಕೆಂದು ಬಿಟ್ಟದ್ದನ್ನೂ ಒಗ್ಗದೆ ಬಿಟ್ಟದ್ದನ್ನೂ ಒಂದೇ ಪದದಿಂದ ಹೇಳಬಾರದೆಂದು ಅವರಿಗೆ ತಿಳಿಸಿದೆ.

ಅವರು ನಿಜವಾಗಿ ಕೆಣಕಿದ್ದು ಒಂದನ್ನು, ಅದೂ ನಮ್ಮದೇ ರೂಢಿಯನ್ನು. ಟಾಕೀಸಿನ ಹೊರಗೆ ಮಾರುತ್ತಿದ್ದ ಹಾಡಿನ ಪುಸ್ತಕಗಳಲ್ಲಿ ಕಥಾಸಾರಾಂಶವನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದು ಬರೆಯುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಇವರು ಸಂದರ್ಶನವನ್ನು ಗಾಯಕಿಯ ಉತ್ತರದ ನಡುವೆಯೇ ನಿಲ್ಲಿಸಿ, ‘ಉಳಿದದ್ದನ್ನು ವೇದಿಕೆಯ ಮೇಲೆ ಕೇಳಿ’ ಎಂದು ಅದೇ ಹಳೆಯ ಅಚ್ಚಿನ ಅಕ್ಷರಗಳಲ್ಲಿ ಹಾಕಿದ್ದಾರೆ. ನನ್ನ ತಾಯಿ ಇದನ್ನು ಓದಿದೊಡನೆ ನಕ್ಕರು.

ಈಗ ನನ್ನ ಪ್ರಶ್ನೆಗಳು. ಔಪಚಾರಿಕ ವರದಿಯಲ್ಲಿ ‘ವಿನ್ಯಾಸದ ರೂಢಿಯನ್ನು ಕೆಣಕಿದ್ದೇವೆ’ ಎಂದು ಬರೆದರೆ, ‘ಕೆಣಕು’ವಿಗಿರುವ ಜಗಳಕ್ಕೆ ಕರೆಯುವ ಅರ್ಥವೇ ಮುಂದಾಗಿ ಓದುಗರಿಗೆ ಉದ್ಧಟತನವೆನಿಸುವುದೇ? ನಿಮ್ಮ ಕಡೆಯ ಮಾತಿನಲ್ಲಿ ಇದಕ್ಕೆ ಇನ್ನಷ್ಟು ಮೆದುವಾದ, ಆದರೆ ‘ಪ್ರಶ್ನಿಸು’ವಿನಷ್ಟು ಸಪ್ಪೆಯಲ್ಲದ ಕ್ರಿಯಾಪದವಿದೆಯೇ? ಹಾಗೆಯೇ, ಪತ್ರಿಕೆಯ ಹೆಸರನ್ನು ಬರೆಯುವ ಆ ವಿಶಿಷ್ಟ ಅಕ್ಷರರೂಪಕ್ಕೆ ನಾನು ‘ತಲೆಬರಹ’ವೆಂದು ಬರೆಯಲು ಹೋಗಿ, ಅದು ಲೇಖನದ ಶೀರ್ಷಿಕೆಗೂ ಸಲ್ಲುವುದರಿಂದ ‘ಮಾಸ್ಟ್‌ಹೆಡ್’ ಎಂದೇ ಉಳಿಸಿದ್ದೇನೆ. ಮೊಳೆ ಜೋಡಿಸುತ್ತಿದ್ದ ಕಾಲದ ಮುದ್ರಣಾಲಯಗಳಲ್ಲಿ ಅದನ್ನು ಏನೆಂದು ಕರೆಯುತ್ತಿದ್ದರೆಂದು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ. ವರದಿಯನ್ನು ಮುಂದಿನ ಸೋಮವಾರ ಒಪ್ಪಿಸಬೇಕಾಗಿದೆ.